ಮುಸಫ್ಫಾದಲ್ಲಿ ಕೇಳಿಬರುವ ಮೂರು ಪದ: ಅರ್ಥ ಗೊತ್ತಾ?

ಸಬ್ಖಾ: ಕರಾವಳಿಯ ಉಪ್ಪು ಬಯಲು. ಅಬುಧಾಬಿ ತೀರದಲ್ಲಿ ಇದು ಸಾಮಾನ್ಯ. ನೆಲದಡಿಯ ಉಪ್ಪುನೀರು ಬಿಸಿಲಿಗೆ ಆವಿಯಾಗಿ, ಮೇಲೆ ಉಪ್ಪಿನ ಪದರ ಉಳಿಯುತ್ತದೆ.

ಆರ್ದ್ರತೆ: ಗಾಳಿಯಲ್ಲಿರುವ ನೀರಾವಿ. ಇದು ಹೆಚ್ಚಾದರೆ ಬೆವರು ಆರಲ್ಲ, ಮೈ ತಣಿಯಲ್ಲ. ಬೇಸಿಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಸಾಮಾನ್ಯವಾಗಿ ಬಿಸಿಲಲ್ಲಿ ದುಡಿಸುವಂತಿಲ್ಲ.

ಗ್ರಾಚ್ಯುಟಿ: ಕನಿಷ್ಠ ಒಂದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಸಿಗಬೇಕಾದ ಹಣ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ. ಆಮೇಲಿನ ವರ್ಷಗಳಿಗೆ 30 ದಿನದ್ದು. ಸಂಬಳ 1,500 ದಿರ್ಹಂ ಇದ್ದರೂ ಮೂಲ ವೇತನ 900 ಆದರೆ, ಮೊದಲ ಐದು ವರ್ಷ, ವರ್ಷಕ್ಕೆ ಸಿಗುವುದು 630 ದಿರ್ಹಂ ಮಾತ್ರ. ಹಾಗಾಗಿ ಕರಾರಿಗೆ ಸಹಿ ಹಾಕುವ ಮುಂಚೆ ಮೂಲ ವೇತನ ಎಷ್ಟೆಂದು ನೋಡಿಕೊಳ್ಳಿ. ಊರಿಂದ ಹೊರಡಲಿರುವವರಿಗೂ ತಿಳಿಸಿ.