ಮೊದಲು ಕಣ, ಆಮೇಲೆ ಗೋದಾಮು

"ಚದರಡಿಗೆ ಎಷ್ಟ ಆಗತೈತ್ರಿ ಸಾಹೇಬ್ರ?"

ಹೊಲದಲ್ಲಿ ಗೋದಾಮು ಕಟ್ಟಿಸಬೇಕೆಂದು ಬರುವವರು ಕೇಳುವ ಮೊದಲ ಮಾತು ಇದು. ರಾಣೆಬೆನ್ನೂರಿನಲ್ಲಿ ರೈತರಿಗೆ ನಕ್ಷೆ, ಎಸ್ಟಿಮೇಟು ಬರೆದುಕೊಡುವುದು ನನ್ನ ಕೆಲಸ. ಚದರಡಿಯ ದರ ಹೇಳುವುದು ನನಗೆ ಕಷ್ಟವಲ್ಲ. ಆದರೆ ಅದನ್ನು ಮೊದಲೇ ಹೇಳಿಬಿಟ್ಟರೆ ಲೆಕ್ಕ ಹಳಿ ತಪ್ಪುತ್ತದೆ. ಗೋದಾಮಿನ ಬಜೆಟ್ ಶುರುವಾಗಬೇಕಾದ್ದು ಕಾಳಿನಿಂದ. ಹಾಗಾಗಿ ನಾನು ತಿರುಗಿ ಕೇಳುತ್ತೇನೆ: ಎಷ್ಟು ಚೀಲ ಇಡುತ್ತೀರಿ, ಎಷ್ಟು ತಿಂಗಳು ಇಡುತ್ತೀರಿ, ಇಟ್ಟಿದ್ದಕ್ಕೆ ಎಷ್ಟು ಸಿಗಬಹುದು?

ಈಚೆಗೆ ಬಂದ ಒಬ್ಬ ಯಜಮಾನರ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತೇನೆ. ಎಂಟು ಎಕರೆ ಎರೆಭೂಮಿ, ಮುಂಗಾರಿಗೆ ಗೋವಿನಜೋಳ, ಬದುವಿನಲ್ಲಿ ಒಂದಿಷ್ಟು ತೊಗರಿ, ಮನೆಗೆ ಬೇಕಾದಷ್ಟು ಬಿಳಿಜೋಳ. ರಸ್ತೆಯಾಚೆಯವರು 40 ಅಡಿ ಅಗಲ, 60 ಅಡಿ ಉದ್ದದ ತಗಡಿನ ಶೆಡ್ಡು ಹಾಕಿಸಿದ್ದರು. ಇವರಿಗೂ ಅಷ್ಟೇ ಬೇಕಿತ್ತು. ಗುತ್ತಿಗೆದಾರರೊಬ್ಬರು 16 ಲಕ್ಷದ ಮೇಲೆ ಹೇಳಿಹೋಗಿದ್ದರು.

ಎಕರೆಗೆ 20 ಕ್ವಿಂಟಲ್ ಹಿಡಿದರೆ ಅವರ ಗೋವಿನಜೋಳ 160 ಕ್ವಿಂಟಲ್, ಎಂದರೆ 16 ಟನ್. ಬಿಳಿಜೋಳ, ತೊಗರಿ, ಬೀಜದ ಕಾಳು ಎಲ್ಲ ಸೇರಿಸಿ 20 ಟನ್ ಎನ್ನೋಣ. 50 ಕಿಲೋ ಚೀಲದಲ್ಲಿ ತುಂಬಿದರೆ 400 ಚೀಲ. ಮಲಗಿಸಿದ ಒಂದು ಚೀಲಕ್ಕೆ ಸಡಿಲವಾಗಿ ಲೆಕ್ಕ ಹಿಡಿದರೂ ಆರು ಚದರಡಿ ಸಾಕು. ಮನೆಯ ಆಳುಗಳು ಏಣಿಯಿಲ್ಲದೆ ಎತ್ತಿ ಒಟ್ಟಬಲ್ಲದ್ದು ಎಂಟು ಚೀಲದ ಎತ್ತರ. ಒಳಗೆ 20 ಅಡಿ ಅಗಲ, 25 ಅಡಿ ಉದ್ದದ ಕೋಣೆಯಲ್ಲಿ ಸುತ್ತ ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ನಡುವೆ ನಾಲ್ಕಡಿ ದಾರಿ ಇಟ್ಟರೆ, 17 ಅಡಿಗೆ 9 ಅಡಿಯ ಎರಡು ನಿಟ್ಟು ಕೂಡುತ್ತವೆ. ಅವೆರಡರಲ್ಲಿ 408 ಚೀಲ ಹಿಡಿಯುತ್ತದೆ. ಅವರಿಗೆ ಬೇಕಾದದ್ದು 500 ಚದರಡಿ. ಕೇಳಿಕೊಂಡು ಬಂದದ್ದು 2,400.

ಗೋಡೆಯ ಪಕ್ಕದ ಒಂದೂವರೆ ಅಡಿಯನ್ನು ಎಲ್ಲರೂ ಉಳಿಸಲು ನೋಡುತ್ತಾರೆ. ಅದು ಜಾಗ ಹಾಳು ಮಾಡಿದ ಹಾಗಲ್ಲ. ಗೋಡೆಗೆ ತಾಗಿದ ಚೀಲ ಮಳೆಗಾಲದಲ್ಲಿ ಥಂಡಿ ಹೀರುತ್ತದೆ, ಇಲಿ ಓಡಾಡುವುದು ಕಣ್ಣಿಗೆ ಬೀಳುವುದಿಲ್ಲ, ಹಿಂದಿನ ಚೀಲ ಬಿಸಿಯಾದರೆ ಕೈ ಹಾಕಿ ನೋಡಲೂ ಆಗುವುದಿಲ್ಲ. ಇನ್ನು ಕೆಲವರು ಚೀಲವೇ ಬೇಡ, ಕಾಳನ್ನು ನೆಲದ ಮೇಲೆ ಸುರಿದು ಗೋಡೆಗೆ ರಾಶಿ ಒರಗಿಸುತ್ತೇವೆ ಎನ್ನುತ್ತಾರೆ. ಸುರಿದ ಕಾಳು ನೀರಿನ ಹಾಗೆ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಆರು ಇಂಚಿನ ಸಿಮೆಂಟ್ ಬ್ಲಾಕಿನ ಗೋಡೆ ತನ್ನ ಭಾರ ಹೊರಲು, ಗಾಳಿ ತಡೆಯಲು ಕಟ್ಟಿದ್ದು, ಆ ನೂಕಿಗೆ ಕಟ್ಟಿದ್ದಲ್ಲ. ಸುರಿದೇ ಇಡಬೇಕೆಂದರೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಗೋಡೆ ಬೇಕು, ಅದರ ಖರ್ಚೇ ಬೇರೆ.

ಮುಂದೆ ಹೆಚ್ಚು ಜಾಗ ಬೇಕಾದೀತು ಅನ್ನಿಸಿದರೆ ಕಟ್ಟಡದ ಉದ್ದ ಬೆಳೆಸಿ, ಅಗಲ ಬೆಳೆಸಬೇಡಿ. 20 ಅಡಿ ಅಗಲಕ್ಕೆ ಸಾಧಾರಣ ಕಬ್ಬಿಣದ ಟ್ರಸ್ ಸಾಕು, 40 ಅಡಿ ಅಗಲಕ್ಕೆ ಟ್ರಸ್ಸಿನ ತೂಕ ದುಪ್ಪಟ್ಟಿಗೂ ಮೀರುತ್ತದೆ. ಉದ್ದಕ್ಕೆ ಹತ್ತಡಿ ಸೇರಿಸುವಾಗ ಎರಡು ಕೊನೆಯ ಗೋಡೆಗಳ ಖರ್ಚು ಮತ್ತೆ ಬರುವುದಿಲ್ಲ.

ಜಾಗ ನೋಡಲು ನಾನು ಏಪ್ರಿಲ್ ತಿಂಗಳಲ್ಲಿ ಹೋಗುವುದನ್ನೇ ಇಷ್ಟಪಡುತ್ತೇನೆ. ಎರೆ ಬಾಯಿಬಿಟ್ಟಿರುತ್ತದೆ. ಯಜಮಾನರ ಹೊಲದಲ್ಲಿ ಒಂದು ಬಿರುಕಿಗೆ ಹಾರೆ ಇಳಿಬಿಟ್ಟೆ, ಮೊಣಕಾಲೆತ್ತರದಷ್ಟು ಸಲೀಸಾಗಿ ಒಳಗೆ ಹೋಯಿತು. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಅದರ ಮೇಲೆ ಎರಡಡಿ ಪಾಯ ಹಾಕಿ ಗೋಡೆ ಎಬ್ಬಿಸಿದರೆ ಮೂಲೆಯಿಂದ ಮೂಲೆಗೆ ಸೀಳು ಬರುತ್ತದೆ, ನೆಲ ಎದ್ದು ನಿಲ್ಲುತ್ತದೆ. ಗಟ್ಟಿ ಗರಸು ಸಿಗುವತನಕ ಅಗೆಯಬೇಕು. ಅವರಲ್ಲಿ ಐದಡಿಗೆ ಗರಸು ಸಿಕ್ಕಿತು. ಕಟ್ಟೆಯನ್ನು ಸುತ್ತಲಿನ ನೆಲಕ್ಕಿಂತ ಎರಡೂವರೆ ಅಡಿ ಎತ್ತರಿಸಲು ಒಳಗಿನ ಎರೆ ತೆಗೆದು ಹೊರಗಿನ ಗರಸನ್ನೇ ಪದರ ಪದರವಾಗಿ ನೀರುಣಿಸಿ ಕುಟ್ಟಬೇಕು. ಇಷ್ಟು ಸಣ್ಣ ಕಟ್ಟಡಕ್ಕೂ ಹತ್ತಾರು ಟ್ರ್ಯಾಕ್ಟರ್ ಟ್ರೇಲರ್ ಗರಸು ಹಿಡಿಯುತ್ತದೆ. ಗುತ್ತಿಗೆದಾರರು ಬಾಯಿಮಾತಿನಲ್ಲಿ ಹೇಳುವ ದರದಲ್ಲಿ ಬಹಳ ಸಲ ಇದು ಸೇರಿರುವುದೇ ಇಲ್ಲ. "ಪಾಯ ಎಷ್ಟು ಆಳ, ಭರ್ತಿ ಮಣ್ಣು ಯಾವುದು, ಅದು ನಿಮ್ಮದೋ ನಮ್ಮದೋ" ಎಂದು ಕರಾರಿನಲ್ಲಿ ಬರೆಸಿಕೊಳ್ಳಿ.

ನಾನು ಬರೆದುಕೊಟ್ಟ ಎಸ್ಟಿಮೇಟು ಹೀಗಿತ್ತು. ಪಾಯ, ಕಟ್ಟೆ, ಗರಸಿನ ಭರ್ತಿಗೆ 1,55,000 ರೂಪಾಯಿ. 12 ಅಡಿ ಎತ್ತರದ ಬ್ಲಾಕಿನ ಗೋಡೆ ಮತ್ತು ಎರಡೂ ಬದಿಯ ಗಿಲಾವಿಗೆ 1,45,000. ಟ್ರಸ್ಸು, ತಗಡಿಗೆ 1,35,000. ನೆಲಕ್ಕೆ 55,000. ಶಟರು, ಗಾಳಿಕಿಂಡಿ, ಜಾಲರಿ, ಬಣ್ಣ, ಕರೆಂಟಿಗೆ 50,000. ಒಟ್ಟು 5,40,000. ದರಗಳು ಊರೂರಿಗೆ ಬೇರೆ, ಕಲ್ಲುಕ್ವಾರಿ ಹತ್ತಿರವಿದ್ದರೆ ಒಂದು, ದೂರವಿದ್ದರೆ ಇನ್ನೊಂದು. ಅನುಪಾತವನ್ನು ಮಾತ್ರ ಗಮನಿಸಿ: ಪಾಯ, ಕಟ್ಟೆ, ನೆಲ ಸೇರಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಹಣ ಕಾಲ ಕೆಳಗೆ ಹೋಗುತ್ತದೆ. ಹಣ ಕಡಿಮೆ ಬಿದ್ದಾಗ ಜನ ಮೊದಲು ಕತ್ತರಿಸುವುದು ಇಲ್ಲೇ, ಯಾಕೆಂದರೆ ಇದು ಕಾಣಿಸುವುದಿಲ್ಲ. ಹೊರಗಿನ ಬಣ್ಣ ಮುಂದಿನ ವರ್ಷ ಹಚ್ಚಬಹುದು. ನೆಲದ ಕಾಂಕ್ರೀಟಿನ ಕೆಳಗೆ ಹಾಸಬೇಕಾದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಮುಂದಿನ ವರ್ಷ ಹಾಸಲು ಬರುವುದಿಲ್ಲ. ಆ ಹಾಳೆ ಇಲ್ಲದಿದ್ದರೆ ನೆಲದ ಥಂಡಿ ಮೇಲೇರಿ ಅಡಿಯ ಸಾಲಿನ ಚೀಲಗಳಿಗೆ ಬೂಸ್ಟು ಹಿಡಿಯುತ್ತದೆ. ಅದು ಇದ್ದರೂ ಚೀಲದಡಿಗೆ ಕಟ್ಟಿಗೆಯ ಅಟ್ಟಣೆ ಬೇಕೇ ಬೇಕು.

ಈಗ ಆದಾಯದ ಕಡೆ. 2025–26ಕ್ಕೆ ಗೋವಿನಜೋಳಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. 2025ರ ನವೆಂಬರ್‌ನಲ್ಲಿ ನಮ್ಮ ಮಾರುಕಟ್ಟೆಗಳಲ್ಲಿ ದರ 2,000ಕ್ಕಿಂತ ಕೆಳಗಿಳಿದು ರೈತರು ರಸ್ತೆಗಿಳಿದದ್ದು ಎಲ್ಲರಿಗೂ ನೆನಪಿದೆ. ಇಂಥ ವರ್ಷದಲ್ಲಿ ಗೋದಾಮು ಇದ್ದವರು ಪುಣ್ಯವಂತರು ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ. ಹಾಗಾದರೆ ಲೆಕ್ಕ ಹಾಕೋಣ. ನಾಲ್ಕು ತಿಂಗಳು ಕಾದದ್ದಕ್ಕೆ ಕ್ವಿಂಟಲಿಗೆ 300 ರೂಪಾಯಿ ಹೆಚ್ಚು ಸಿಕ್ಕಿತು ಎಂದುಕೊಂಡರೆ 160 ಕ್ವಿಂಟಲಿಗೆ 48,000. ಮಾರಿದ್ದರೆ ಬರುತ್ತಿದ್ದ ಮೂರು ಲಕ್ಷ ಇಪ್ಪತ್ತು ಸಾವಿರಕ್ಕೆ ಶೇ. 9ರಂತೆ ನಾಲ್ಕು ತಿಂಗಳ ಬಡ್ಡಿ 9,600. ಹಮಾಲಿ, ಚೀಲ, ತೂಕದ ಸವಕಳಿ, ಹುಳದ ಔಷಧಿ ಕಳೆದರೆ ಕೈಗೆ ಉಳಿಯುವುದು ಮೂವತ್ತು ಸಾವಿರದ ಆಸುಪಾಸು. 5,40,000ಕ್ಕೆ ಅದೇ ದರದಲ್ಲಿ ವರ್ಷದ ಬಡ್ಡಿ 48,600. ಎಂದರೆ ಗೋವಿನಜೋಳವೊಂದನ್ನೇ ನಂಬಿದರೆ 500 ಚದರಡಿಯ ಗೋದಾಮು ಕೂಡ ತನ್ನ ಬಡ್ಡಿ ದುಡಿಯುವುದಿಲ್ಲ. 16 ಲಕ್ಷದ್ದರ ಮಾತು ಬಿಡಿ. ದರ ಏರದೇ ಹೋದ ವರ್ಷಗಳೂ ಬರುತ್ತವೆ. ಈ ಲೆಕ್ಕವನ್ನು 300 ರೂಪಾಯಿಗೆ, 150ಕ್ಕೆ, ಸೊನ್ನೆಗೆ ಮೂರು ಸಲ ಹಾಕಿ ನೋಡದೆ ಯಾರೂ ಸಾಲಕ್ಕೆ ಸಹಿ ಮಾಡಬಾರದು.

ನಾನು ಹೀಗೆ ಹಾಳೆಯ ಮೇಲೆ ಬರೆಯುತ್ತಿರುವಾಗ ಯಜಮಾನರ ಹೆಂಡತಿ ಚಹಾದ ಕಪ್ಪು ಇಟ್ಟು ಅಲ್ಲೇ ನಿಂತರು. "ಗೋದಾಮು ಆಮ್ಯಾಲ ಆಗಲ್ರಿ ಸಾಹೇಬ್ರ. ಮದಲ ಒಂದ ಕಣಾ ಮಾಡಿಸಿಕೊಡ್ರಿ. ಡಾಂಬರ ರಸ್ತೆ ಮ್ಯಾಲ ಎಷ್ಟ ವರ್ಸ ಒಣಗಸೋದ್ರಿ?"

ಅವರು ಹೇಳಿದ್ದು ಇಡೀ ಎಸ್ಟಿಮೇಟಿಗಿಂತ ಮುಖ್ಯವಾದ ಮಾತು ಎಂದು ನಾನು ನಂಬಿದ್ದೇನೆ. ನಮ್ಮ ಹಿರಿಯರು ಹಗೇವಿನಲ್ಲಿ, ನೆಲದೊಳಗಿನ ಕತ್ತಲೆಯಲ್ಲಿ ಜೋಳ ಇಟ್ಟು ವರ್ಷಗಟ್ಟಲೆ ಉಳಿಸಿಕೊಂಡರು. ಅದಕ್ಕೆ ಹಗೇವಿನ ಕಟ್ಟೋಣವಷ್ಟೇ ಕಾರಣವಲ್ಲ. ಹಿಂಗಾರಿ ಬಿಳಿಜೋಳ ಬೇಸಿಗೆ ಮುಖದಲ್ಲಿ ಕೊಯ್ಲಿಗೆ ಬಂದು, ಬಿಸಿಲಲ್ಲಿ ಗಣಗಣ ಒಣಗಿ ಒಳಗೆ ಹೋಗುತ್ತಿತ್ತು. ಗೋವಿನಜೋಳ ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ, ಹಿಂಗಾರು ಮಳೆಯ ನಡುವೆ, ಶೇ. 18–20ರ ತೇವ ಹೊತ್ತುಕೊಂಡು. ಆ ತೇವದ ಕಾಳನ್ನು ಎಂಥ ಗೋದಾಮಿನಲ್ಲಿಟ್ಟರೂ ಬಿಸಿಯೇರಿ ಬೂಸ್ಟು ಬರುತ್ತದೆ. ಬೂಸ್ಟಿನ ಜೊತೆ ಬರುವ ಅಫ್ಲಟಾಕ್ಸಿನ್ ವಿಷಕ್ಕೆ ಕೋಳಿ ಆಹಾರದ ಕಂಪನಿಗಳು ಹೆದರುತ್ತವೆ. ಮಾರಲು ಶೇ. 14ಕ್ಕೆ, ತಿಂಗಳುಗಟ್ಟಲೆ ಇಡಲು ಶೇ. 12ಕ್ಕೆ ತೇವ ಇಳಿಸಬೇಕು. ಇದಕ್ಕೂ ಒಂದು ಲೆಕ್ಕವಿದೆ: ಶೇ. 20 ತೇವದ 100 ಕಿಲೋ ಕಾಳು ಶೇ. 12ಕ್ಕೆ ಒಣಗಿದಾಗ ಸುಮಾರು 91 ಕಿಲೋ ಆಗುತ್ತದೆ. ಬೆಲೆ ಏರಿಕೆಯ ಲೆಕ್ಕ ಹಾಕುವಾಗ ಹಸಿ ಕಾಳಿನ ತೂಕ ಹಿಡಿದರೆ ಮೋಸ ಹೋಗುತ್ತೇವೆ.

ತೇವಮಾಪಕ ಇಲ್ಲದ ಮನೆಯಲ್ಲಿ ನಾನು ತೋರಿಸಿಕೊಡುವ ಪರೀಕ್ಷೆ ಒಂದಿದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಕಾಳು, ಎರಡು ಚಮಚ ಒಣ ಉಪ್ಪಿನಪುಡಿ ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಹದಿನೈದು ನಿಮಿಷ ಬಿಡಬೇಕು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಶೇ. 15ಕ್ಕಿಂತ ಹೆಚ್ಚಿದೆ, ಚೀಲ ತುಂಬಬಾರದು. ಅಂಟದೆ ತಳಕ್ಕೆ ಉದುರಿದರೆ 15ರೊಳಗೆ ಬಂದಿದೆ, ಇನ್ನೂ ಎರಡು ಬಿಸಿಲು ತೋರಿಸಿದರೆ ಒಳ್ಳೆಯದು.

40 ಅಡಿಗೆ 40 ಅಡಿ, ನಾಲ್ಕು ಇಂಚು ದಪ್ಪದ ಕಾಂಕ್ರೀಟ್ ಕಣಕ್ಕೆ ನಾನು ಹಿಡಿದದ್ದು 1,30,000. ಎರಡು ಇಂಚು ದಪ್ಪ ಹರವಿದರೆ ಒಂದು ಸಲಕ್ಕೆ 50 ಕ್ವಿಂಟಲ್ ಒಣಗುತ್ತದೆ, ಮೂರು ನಾಲ್ಕು ಸರದಿಯಲ್ಲಿ ಇವರ ಬೆಳೆ ಮುಗಿಯುತ್ತದೆ. ಒಂದು ಬದಿಗೆ ನೀರು ಹರಿಯುವ ಇಳಿಜಾರು, ಮಳೆ ಬಂದರೆ ಮುಚ್ಚಲು ತಾಡಪತ್ರಿ ಬೇಕು. ಇದು ಯಾವ ದರ ಇದ್ದರೂ ಪ್ರತಿ ವರ್ಷ ಕೆಲಸ ಕೊಡುವ ಖರ್ಚು. ಲಾರಿ, ಬೈಕು ಓಡಾಡುವ ರಸ್ತೆಯಲ್ಲಿ ಹೆಂಗಸರು ಬಗ್ಗಿ ಕಾಳು ಕೆದರುವುದೂ ನಿಲ್ಲುತ್ತದೆ. ಅದಕ್ಕೆ ನಾನು ಬೆಲೆ ಕಟ್ಟಲಾರೆ.

ಸಹಾಯಧನದ ವಿಷಯ ಎಲ್ಲರೂ ಕೇಳುತ್ತಾರೆ. 2001ರಲ್ಲಿ ಶುರುವಾದ ಗ್ರಾಮೀಣ ಭಂಡಾರಣ ಯೋಜನೆ ಈಗ ಕೃಷಿ ಮಾರುಕಟ್ಟೆ ಮೂಲಸೌಕರ್ಯ ಯೋಜನೆಯೊಳಗೆ ಸೇರಿದೆ. ಸಾಮಾನ್ಯ ರೈತರಿಗೆ ಶೇ. 25, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 33.33 ಸಹಾಯಧನ. ಆದರೆ ಬಯಲುನಾಡಿನಲ್ಲಿ ಗೋದಾಮು ಕನಿಷ್ಠ 50 ಟನ್‌ನದ್ದಾಗಿರಬೇಕು, ಬ್ಯಾಂಕ್ ಸಾಲ ಇರಬೇಕು, ಹಣವೂ ಸಾಲದ ಖಾತೆಯ ಲೆಕ್ಕಕ್ಕೆ ಹೋಗುತ್ತದೆ, ಕಟ್ಟುವಾಗ ಕೈಗೆ ಬರುವುದಿಲ್ಲ. 20 ಟನ್ ಬೇಕಾದವರು ಸಹಾಯಧನಕ್ಕಾಗಿ 50 ಟನ್‌ನದ್ದು ಕಟ್ಟಿದರೆ ಖರ್ಚು 12 ಲಕ್ಷ ದಾಟುತ್ತದೆ. ಶೇ. 25 ಪೂರ್ತಿ ಸಿಕ್ಕರೂ ತಮ್ಮ ತಲೆಯ ಮೇಲೆ ಒಂಬತ್ತು ಲಕ್ಷ ಉಳಿಯುತ್ತದೆ. ಅಣ್ಣತಮ್ಮಂದಿರು ಸೇರಿ ನಿಜವಾಗಿ ತುಂಬುವ ಹಾಗಿದ್ದರೆ ಮಾತು ಬೇರೆ. 2020ರಲ್ಲಿ ಬಂದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ ಏಳು ವರ್ಷ ಶೇ. 3 ಬಡ್ಡಿ ರಿಯಾಯಿತಿ ಇದೆ. ಸಣ್ಣ ಗೋದಾಮಿಗೆ ಇದರ ಬಗ್ಗೆಯೇ ಬ್ಯಾಂಕಿನಲ್ಲಿ ಮೊದಲು ವಿಚಾರಿಸಿ.

ಕಟ್ಟದೇ ಇರುವುದೂ ಒಂದು ದಾರಿ. ರಾಜ್ಯ ಉಗ್ರಾಣ ನಿಗಮದ ಗೋದಾಮು ಹತ್ತಿರವಿದ್ದರೆ ಬಾಡಿಗೆ ಕೊಟ್ಟು ಇಡಬಹುದು. ನೋಂದಾಯಿತ ಗೋದಾಮಿನ ವಿದ್ಯುನ್ಮಾನ ರಸೀತಿಯ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ಒಂದೆರಡು ವರ್ಷ ಹಾಗೆ ಮಾಡಿ ನೋಡಿದವರಿಗೆ ತಮಗೆ ಸ್ವಂತ ಗೋದಾಮು ಬೇಕೋ ಬೇಡವೋ ಗೊತ್ತಾಗುತ್ತದೆ.

ಹುಳದ ಬಗ್ಗೆ ಒಂದು ಎಚ್ಚರಿಕೆ. ಸೊಂಡಿಲು ಹುಳ ಕಾಳಿನೊಳಗೇ ಮೊಟ್ಟೆ ಇಡುತ್ತದೆ, ತಿಂಗಳೊಪ್ಪತ್ತಿನಲ್ಲಿ ಹೊಸ ಹುಳ ಹೊರಬೀಳುತ್ತದೆ. ಅದಕ್ಕೆಂದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ತಂದು ತಾವೇ ಇಡುವವರಿದ್ದಾರೆ. ಅದರಿಂದ ಏಳುವ ಫಾಸ್ಫೀನ್ ಅನಿಲ ಮನುಷ್ಯರನ್ನು ಕೊಲ್ಲುತ್ತದೆ. ತರಬೇತಿ ಪಡೆದ, ಪರವಾನಗಿ ಇದ್ದವರೇ ಅದನ್ನು ಬಳಸಬೇಕೆಂದು ನಿಯಮವಿದೆ. ಆದ್ದರಿಂದ ಮಲಗುವ ಮನೆಯ ಗೋಡೆಗೆ ಹೊಂದಿಸಿ ಗೋದಾಮು ಕಟ್ಟಲು ನಾನು ನಕ್ಷೆ ಬರೆದುಕೊಡುವುದಿಲ್ಲ. ಬೀಜಕ್ಕೆ, ಮನೆಯ ಜೋಳಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಒಳಚೀಲ ಸಾಕು, ಒಳಗಿನ ಆಮ್ಲಜನಕ ಮುಗಿದು ಹುಳ ತಾನೇ ಸಾಯುತ್ತದೆ.

ಕಾಗದಪತ್ರದ ವಿಷಯದಲ್ಲಿ ಅಷ್ಟು ಭಯ ಬೇಡ. ತನ್ನ ಸಾಗುವಳಿಯ ಅನುಕೂಲಕ್ಕೆ ತನ್ನ ಹೊಲದಲ್ಲಿ ಕಟ್ಟಡ ಕಟ್ಟಿಕೊಳ್ಳಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮು ರೈತನಿಗೆ ಹಕ್ಕು ಕೊಟ್ಟಿದೆ. ವ್ಯಾಪಾರಕ್ಕೆಂದು ಬಾಡಿಗೆ ಕೊಡುವ ಯೋಚನೆ ಇದ್ದರೆ ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ, ಮೊದಲೇ ತಹಶೀಲ್ದಾರ್ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಯಜಮಾನರ ಮನೆಯಲ್ಲಿ ಕೊನೆಗೆ ತೀರ್ಮಾನವಾದದ್ದು ಇಷ್ಟು. ಈ ಬೇಸಿಗೆಗೆ ಕಣ, ಜೊತೆಗೆ ಗೋದಾಮಿನ ಪಾಯ, ಕಟ್ಟೆ, ನೆಲ. ಸುಗ್ಗಿಯಲ್ಲಿ ಕಟ್ಟೆಯ ಮೇಲೆ ಅಟ್ಟಣೆ ಹಾಸಿ, ಚೀಲ ಒಟ್ಟಿ, ತಾಡಪತ್ರಿ ಹೊದಿಸಿ ಬಿಗಿಯುವುದು. ಆಹಾರ ನಿಗಮ ಜಾಗ ಸಾಲದಾಗ ಎತ್ತರದ ಕಟ್ಟೆಗಳ ಮೇಲೆ ಗೋಧಿ ಚೀಲಗಳನ್ನು ಹೀಗೆಯೇ ಇಟ್ಟದ್ದುಂಟು. ಗೋಡೆ, ತಗಡು ಮುಂದಿನ ಬೇಸಿಗೆಗೆ, ಕೈಯಲ್ಲಿ ಹಣ ಇದ್ದರೆ. ಪಕ್ಕದ ಹೊಲದ ತಮ್ಮ ಪಾಲುಗೂಡುವ ಮಾತಾಡಿದ್ದಾನೆ. ಅದಕ್ಕಾಗಿ ಪೂರ್ವದ ಬದಿಯ ಪಾಯದಲ್ಲಿ ಕಬ್ಬಿಣದ ಸರಳುಗಳನ್ನು ಎರಡಡಿ ಹೊರಗೆ ಬಿಟ್ಟು, ತುಕ್ಕು ಹಿಡಿಯದಂತೆ ಸಿಮೆಂಟ್ ಹಾಲು ಬಳಿಯಲು ಮೇಸ್ತ್ರಿಗೆ ಹೇಳಿದ್ದೇನೆ. ಅಣ್ಣತಮ್ಮಂದಿರ ಮಾತು ಕೂಡಿಬಂದರೆ ಅಲ್ಲಿಂದಲೇ ಹತ್ತಡಿ ಮುಂದಕ್ಕೆ ಬೆಳೆಸಬಹುದು.