ಮೂರನೇ ವಾರದಲ್ಲಿ ತೂಕ ಇಳಿಸೋ ಉತ್ಸಾಹ ಯಾಕೆ ಕೈಕೊಡುತ್ತೆ?

ಇವತ್ತಿನ ಸಂಚಿಕೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಗೆಳೆಯ ಗೆಳತಿಯರಿಗೆ. ಬೇರೆ ಊರಿನವರೂ ಕೇಳಿ, ಸಮಸ್ಯೆ ಎಲ್ಲರದೂ ಒಂದೇ.

"ಹಬ್ಬ ಮುಗೀಲಿ, ಸೋಮವಾರದಿಂದ ಡಯಟ್ ಶುರು." ಇದನ್ನ ಹೇಳದವರು ಕಮ್ಮಿ. ಶುರು ಮಾಡೋದು ಸುಲಭ. ಮೂರನೇ ವಾರದ ಹೊತ್ತಿಗೆ ಶೂ ಮೂಲೆ ಸೇರುತ್ತೆ. "ನನಗೆ ಛಲ ಇಲ್ಲ ಬಿಡು" ಅಂತ ನಮ್ಮನ್ನ ನಾವೇ ಬೈಕೊಳ್ತೀವಿ. ನಿಜಕ್ಕೂ ಅಲ್ಲಿ ಆಗಿರೋದೇನು?

ಮೊದಲ ವಾರ ಇಳಿದಿದ್ದು ನೀರು

ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನೋ ಸಕ್ಕರೆ ದಾಸ್ತಾನು ಇರುತ್ತೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತೆ. ಊಟ ಕಮ್ಮಿ ಮಾಡಿದ ತಕ್ಷಣ ಖಾಲಿಯಾಗೋದು ಇದು. ಅದಕ್ಕೇ ಮೊದಲ ವಾರ ತೂಕ ಸರ್ರನೆ ಇಳಿಯುತ್ತೆ. ಕೊಬ್ಬು ಕರಗೋದು ನಿಧಾನ. ವಾರಕ್ಕೆ ಅರ್ಧದಿಂದ ಒಂದು ಕೆಜಿ ಇಳಿದರೆ ಅದೇ ಒಳ್ಳೆಯ ವೇಗ. ಹಿಂದಿನ ದಿನ ಉಪ್ಪಿನಕಾಯಿ ಜಾಸ್ತಿ ತಿಂದಿದ್ದರೆ, ಅಥವಾ ಮುಟ್ಟಿನ ದಿನಗಳು ಹತ್ತಿರ ಇದ್ದರೆ, ನೀರು ನಿಂತು ತೂಕ ಏರಿದಂತೆಯೂ ಕಾಣುತ್ತೆ.

ಅಂದ್ರೆ ನಿಮ್ಮ ಪ್ರಯತ್ನ ಫಲ ಕೊಡ್ತಾ ಇರುವಾಗಲೇ ಮಷೀನು "ಏನೂ ಆಗಿಲ್ಲ" ಅಂತ ತೋರಿಸುತ್ತೆ. ಅದನ್ನ ನಂಬಿ ನಾವು ಕೈಬಿಡ್ತೀವಿ.

ಚೆನ್ನೈನಿಂದ ಬಂದ ಒಂದು ಸಮಾಧಾನ

ಚೆನ್ನೈನ ವೈದ್ಯ ಎ. ರಾಮಚಂದ್ರನ್ ಮತ್ತು ತಂಡ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿ ಅದರಲ್ಲಿದ್ದರು. ಊಟ ಸರಿಮಾಡಿಕೊಂಡು ದಿನಾ ನಡೆದವರ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವ ಅಪಾಯ 28.5% ಕಡಿಮೆ ಆಯ್ತು. ವಿಶೇಷ ಏನಪ್ಪಾ ಅಂದ್ರೆ, ಆ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ!

ಅಪ್ಪ ಅಮ್ಮನಿಗೆ ಶುಗರ್ ಇರೋ ಮನೆಗಳಿಗೆ ಇದು ದೊಡ್ಡ ಮಾತು. ಮುಳ್ಳು ಅಲ್ಲಾಡದಿದ್ದರೂ ನೀವು ನಡೆದ ನಡಿಗೆ ದಂಡವಾಗಲ್ಲ.

ಹಾಗಾದ್ರೆ ಏನನ್ನ ಎಣಿಸಬೇಕು?

ಕೆಜಿ ಬದಲು ದಿನಗಳನ್ನ ಎಣಿಸಿ. ಇವತ್ತು ನಡೆದ್ರಾ? ಗೋಡೆಯ ಕ್ಯಾಲೆಂಡರ್‌ನಲ್ಲಿ ಒಂದು ಗೀಟು ಹಾಕಿ. ತೂಕ ನೋಡೋದು ವಾರಕ್ಕೊಮ್ಮೆ ಸಾಕು, ಅದೂ ಒಂದೇ ವಾರ, ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ. ತಿಂಗಳಿಗೊಮ್ಮೆ ಟೇಪ್ ಹಿಡಿದು ಸೊಂಟ ಅಳೆಯಿರಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರಿಕೆ ಬೇಕು.

ಗುರಿ ಚಿಕ್ಕದಿರಲಿ. ಜೋಶ್‌ನಲ್ಲಿ ಮೊದಲ ದಿನವೇ ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಹೋಗ್ಬೇಡಿ. ಕಡಿದಾದ ಬಂಡೆ ಅದು, ಇಳಿಯುವಾಗ ಮಂಡಿ ಮೇಲೆ ಭಾರ ಬೀಳುತ್ತೆ. ಮಾರನೇ ದಿನ ನೋವು, ಆಮೇಲೆ ಮೂರು ದಿನ ರಜೆ, ಅಲ್ಲಿಗೆ ಕಥೆ ಮುಗೀತು. ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ. ವಾರಕ್ಕೆ 150 ನಿಮಿಷ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಿಧಾನಕ್ಕೆ ಅಲ್ಲಿಗೆ ಮುಟ್ಟಿದರಾಯ್ತು. ಪಾವಗಡದ ಬಿಸಿಲಲ್ಲಿ ಏಳು ಗಂಟೆಯೊಳಗೆ ಮುಗಿಸಿ. ಕಾಲೇಜಿಗೆ ಬಸ್ಸಲ್ಲಿ ಹೋಗೋರು ಒಂದು ಸ್ಟಾಪ್ ಮುಂಚೆ ಇಳಿಯಬಹುದು.

ಊಟದಲ್ಲೂ ಅಷ್ಟೇ. ರಾಗಿ ತಿಂದರೆ ಸಣ್ಣ ಆಗ್ತೀವಿ ಅನ್ನೋದು ಅರ್ಧ ಸತ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 350. ಅಂಥ ವ್ಯತ್ಯಾಸ ಇಲ್ಲ. ಆದ್ರೆ ರಾಗಿಯಲ್ಲಿ ನಾರು ಜಾಸ್ತಿ, ಬೇಗ ಹಸಿವಾಗಲ್ಲ. ಎರಡು ಮುದ್ದೆ ಜಾಗದಲ್ಲಿ ಒಂದು ಮುದ್ದೆ, ಜೊತೆಗೆ ತಟ್ಟೆ ತುಂಬ ಸೊಪ್ಪಿನ ಪಲ್ಯ, ಬಸ್ಸಾರು. ಹಬ್ಬಕ್ಕೆ ಹೋಳಿಗೆ ತಿಂದ್ರಾ? ತಿನ್ನಿ. ಮುಂದಿನ ಊಟಕ್ಕೆ ದಾರಿಗೆ ಬನ್ನಿ, ಮುಂದಿನ ಸೋಮವಾರಕ್ಕೆ ಕಾಯಬೇಡಿ.

ಅಭ್ಯಾಸ ಆಗೋಕೆ ಎಷ್ಟು ದಿನ? ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನ ಗಮನಿಸಿದರು. ಒಂದು ಹೊಸ ಕೆಲಸ ತಾನಾಗೇ ನಡೆಯೋ ಹಂತಕ್ಕೆ ಬರಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ, ನಡುವಿನ ಲೆಕ್ಕ 66 ದಿನ. ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ. ಮೂರು ವಾರಕ್ಕೇ ಸೋತೆ ಅನ್ನೋದು ಬಹಳ ಬೇಗ ಆಯ್ತು, ಅಲ್ವಾ?

ಮನೆಯವರಿಗೂ ಒಂದು ಮಾತು

"ಹೀಗಿದ್ರೆ ಯಾರು ಮದುವೆ ಆಗ್ತಾರೆ?" ಅಂತ ಚುಚ್ಚಿದರೆ ಯಾರ ತೂಕವೂ ಇಳಿಯಲ್ಲ. ಮಗಳು ಊಟ ಬಿಡ್ತಾಳೆ, ಆಮೇಲೆ ಹಸಿವು ತಡೆಯದೆ ಕದ್ದು ತಿಂತಾಳೆ. ಅದರ ಬದಲು ಸಂಜೆ ಅವಳ ಜೊತೆ ಒಂದು ಸುತ್ತು ನಡೆಯಿರಿ. ಚಿಕ್ಕ ಊರಲ್ಲಿ ಹುಡುಗಿ ಒಬ್ಬಳೇ ವಾಕಿಂಗ್ ಹೋದರೆ ಹತ್ತು ಜನ ಕೇಳ್ತಾರೆ. ಜೊತೆಗೆ ಅಮ್ಮನೋ ಅತ್ತಿಗೆಯೋ ಇದ್ದರೆ ಆ ಮುಜುಗರ ಇರಲ್ಲ.

ಮುಟ್ಟು ಏರುಪೇರಾಗಿದ್ದರೆ, ಕಾರಣವಿಲ್ಲದೆ ಸುಸ್ತು ಇದ್ದರೆ, ತೂಕ ಒಮ್ಮೆಲೇ ಏರಿದ್ದರೆ ಪೌಡರ್ ಕೊಳ್ಳೋಕೆ ಮುಂಚೆ ಡಾಕ್ಟರ್‌ಗೆ ತೋರಿಸಿ. ಥೈರಾಯ್ಡ್, ಪಿಸಿಒಡಿ ಇದ್ದರೆ ಚಿಕಿತ್ಸೆಯೇ ಬೇರೆ.

ಈ ವಾರ ಒಂದೇ ಕೆಲಸ: ಹತ್ತು ನಿಮಿಷ ನಡೆಯಿರಿ, ಗೀಟು ಹಾಕಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.