ಗೊತ್ತಿರೋ ಪದವೇ ಎಡವಿಸಿದಾಗ

ಇವತ್ತು ಜೀವಕೋಶ, ಡಿಎನ್‌ಎ ಯಾವುದೂ ಇಲ್ಲ. ಶಾಲೆ, ಓದು, ಪರೀಕ್ಷೆಗಳ ಸುತ್ತ ಇರುವ ಕೆಲವು ಇಂಗ್ಲಿಷ್ ಪದಗಳ ಬಗ್ಗೆ ಮಾತಾಡೋಣ. ಆ ಪದಗಳನ್ನು ನಮ್ಮ ಮಿದುಳು ಹೇಗೆ ಓದುತ್ತೆ ಅನ್ನೋದನ್ನೂ ನೋಡೋಣ.

ಲಂಡನ್ನಿನ ಹೌನ್ಸ್ಲೋದಲ್ಲಿರುವ ಗೆಳತಿಯೊಬ್ಬಳು ಒಂದು ಜುಲೈ ಸಂಜೆ ಫೋನ್ ಮಾಡಿದಳು. ಅವಳ ಮಗಳು 'ಇಯರ್ ಸಿಕ್ಸ್' ಮುಗಿಸಿದ್ದಳು. ಇಂಗ್ಲೆಂಡಿನ ಪ್ರೈಮರಿ ಶಾಲೆಯ ಕೊನೆಯ ವರ್ಷ ಅದು. ಆ ವರ್ಷದ ಮೇ ತಿಂಗಳಲ್ಲಿ ಮಕ್ಕಳಿಗೆ ಸ್ಯಾಟ್ಸ್ ಪರೀಕ್ಷೆ ಇರುತ್ತೆ. "ನೋಡೇ, ಗಣಿತದಲ್ಲಿ 120ಕ್ಕೆ 104 ಬಂದಿದೆ. ಹದಿನಾರು ಮಾರ್ಕ್ಸ್ ಎಲ್ಲಿ ಕಳ್ಕೊಂಡೆ ಅಂತ ಕೇಳಿದ್ರೆ ಬಾಯೇ ಬಿಡ್ತಿಲ್ಲ" ಅಂದಳು. ಹಿಂದೆ ಹುಡುಗಿ ಅಳೋದು ಕೇಳಿಸ್ತಿತ್ತು.

ಆದರೆ ಆ 104 ಮಾರ್ಕ್ಸ್ ಅಲ್ಲ. ಇಲ್ಲಿ ಅದಕ್ಕೆ 'ಸ್ಕೇಲ್ಡ್ ಸ್ಕೋರ್' ಅಂತಾರೆ. ಒಂದು ವರ್ಷ ಪ್ರಶ್ನೆಪತ್ರಿಕೆ ಕಷ್ಟ ಇರಬಹುದು, ಇನ್ನೊಂದು ವರ್ಷ ಸುಲಭ ಇರಬಹುದು. ಅದಕ್ಕೇ ಮಗು ತೆಗೆದ ಅಂಕವನ್ನು 80ರಿಂದ 120ರವರೆಗಿನ ಒಂದು ಅಳತೆಗೆ ಬದಲಿಸ್ತಾರೆ. ಅದರಲ್ಲಿ 100 ಅಂದ್ರೆ ಆ ವಯಸ್ಸಿಗೆ ನಿರೀಕ್ಷಿಸಿದ ಮಟ್ಟ. ಹುಡುಗಿ ಅದನ್ನು ದಾಟಿದ್ದಳು. ಅಮ್ಮ ಹುಡುಕುತ್ತಿದ್ದ ಆ ಹದಿನಾರು ಮಾರ್ಕ್ಸ್ ಅನ್ನೋದೇ ಇರಲಿಲ್ಲ.

ಗೆಳತಿಯನ್ನು ನೋಡಿ ನಗೋ ಹಕ್ಕು ನನಗಿಲ್ಲ. ಎಂ.ಎಸ್ಸಿ. ಓದೋಕೆ ಇಲ್ಲಿಗೆ ಬಂದಾಗ ನನ್ನ ಮೊದಲ ಪ್ರಬಂಧಕ್ಕೆ 64 ಬಂತು. ಊರಲ್ಲಿ ತೊಂಬತ್ತರ ಕೆಳಗೆ ಇಳಿಯದವಳು ನಾನು. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಅತ್ತೆ. ಅವರು "ಪಾಸಾಯ್ತಲ್ಲ, ಬಿಡು ಪುಟ್ಟಿ" ಅಂದ್ರು. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಎಂ.ಎಸ್ಸಿ. ಪಾಸಾಗಲು 50 ಸಾಕು, 60 ದಾಟಿದರೆ ಮೆರಿಟ್, 70 ದಾಟಿದರೆ ಡಿಸ್ಟಿಂಕ್ಷನ್. ಇದು ತಿಳಿಯೋ ಹೊತ್ತಿಗೆ ಒಂದು ತಿಂಗಳ ನಿದ್ದೆ ಹೋಗಿತ್ತು.

ನಾವಿಬ್ಬರೂ ಯಾಕೆ ಮೊದಲೇ ಯಾರನ್ನೂ ಕೇಳಲಿಲ್ಲ? ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಹಸಿರು ಪೆನ್ನಿನಲ್ಲಿ 'ಕೆಂಪು' ಅಂತ ಬರೆದು, ಮಕ್ಕಳ ಹತ್ರ ಶಾಯಿಯ ಬಣ್ಣ ಯಾವುದು ಅಂತ ಕೇಳಿ. ನಾಲಿಗೆ ತಡವರಿಸುತ್ತೆ. ಅಮೆರಿಕದ ಮನೋವಿಜ್ಞಾನಿ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಇದು ಹೆಸರಾಯ್ತು. ಚೆನ್ನಾಗಿ ಓದಲು ಕಲಿತವರಿಗೆ ಪದದ ಅರ್ಥ ಕರೆಯದೇ ಬಂದು ನಿಲ್ಲುತ್ತೆ, ಬೇಡ ಅಂದರೂ ಹೋಗಲ್ಲ. ಸ್ಟ್ರೂಪ್ ಅಳೆದದ್ದು ಬಣ್ಣಗಳನ್ನು, ಶಾಲೆಯ ಪದಗಳನ್ನಲ್ಲ. ಆದರೂ ನಮ್ಮ ಪಾಡು ಅದಕ್ಕೆ ಹತ್ತಿರದ್ದೇ. ಗೊತ್ತಿಲ್ಲದ ಪದ ಬಂದರೆ ನಿಂತು ಕೇಳ್ತೀವಿ. ಗೊತ್ತಿರೋ ಪದ ಬಂದರೆ ಹಳೇ ಅರ್ಥ ಹಿಡ್ಕೊಂಡು ಮುಂದೆ ಹೋಗಿಬಿಡ್ತೀವಿ.

ಇಂಥ ಪದಗಳು ಇನ್ನೂ ಇವೆ. ನಮಗೆ ಟ್ಯೂಷನ್ ಅಂದ್ರೆ ಸಂಜೆ ಮೇಷ್ಟ್ರ ಮನೆಯ ಪಾಠ. ಇಲ್ಲಿ 'ಟ್ಯೂಷನ್ ಫೀ' ಅಂದ್ರೆ ವಿಶ್ವವಿದ್ಯಾಲಯಕ್ಕೆ ಕಟ್ಟುವ ಫೀಸು. "2010ರಲ್ಲಿ ಪಾಸ್ ಔಟ್ ಆದೆ" ಅಂದ್ರೆ ಇಲ್ಲಿನವರಿಗೆ ಮೊದಲು ಹೊಳೆಯೋದು ಮೂರ್ಛೆ ಹೋಗೋದು. 'ಪಬ್ಲಿಕ್ ಸ್ಕೂಲ್' ಸರ್ಕಾರಿ ಶಾಲೆಯಲ್ಲ. ಲಂಡನ್ನಿನ ಹ್ಯಾರೋ ಶಾಲೆಯಂಥ ದುಬಾರಿ ಖಾಸಗಿ ಶಾಲೆಗಳಿಗೆ ಆ ಹೆಸರು. ಯಾವ ಊರಿನವರಾದರೂ ಫೀಸು ಕಟ್ಟಿ ಸೇರಬಹುದಿತ್ತು, ಆ ಅರ್ಥದಲ್ಲಿ 'ಪಬ್ಲಿಕ್'. ಸರ್ಕಾರದ ಹಣದಲ್ಲಿ ನಡೆಯೋದು 'ಸ್ಟೇಟ್ ಸ್ಕೂಲ್'.

ಕೆಲವು ಕಡೆ ನಮ್ಮ ಕನ್ನಡವೇ ಕೈಹಿಡಿಯುತ್ತೆ. ನಾವು "ಮಗ ಲಾ ಓದ್ತಿದ್ದಾನೆ" ಅಂತೀವಲ್ಲ, ಇಲ್ಲಿನ ಹಳೇ ವಿಶ್ವವಿದ್ಯಾಲಯಗಳಲ್ಲೂ 'ರೀಡಿಂಗ್ ಲಾ' ಅನ್ನೋ ಮಾತಿದೆ. ಶಾಲೆಯ ಮಗುವಿಗೆ 'ಪ್ಯೂಪಿಲ್' ಅಂತಾರೆ, ಕಣ್ಣಿನ ಕಪ್ಪು ಬಿಂದುವಿಗೂ ಅದೇ ಹೆಸರು. ಎರಡರ ಮೂಲವೂ ಲ್ಯಾಟಿನ್ನಿನಲ್ಲಿ ಚಿಕ್ಕ ಮಗು, ಗೊಂಬೆ ಅನ್ನುವ ಪದಗಳು. ಎದುರಿನವರ ಕಣ್ಣಿನಲ್ಲಿ ನಮ್ಮದೇ ಪುಟ್ಟ ಬಿಂಬ ಗೊಂಬೆಯ ಹಾಗೆ ಕಾಣುತ್ತಲ್ಲ, ಅದಕ್ಕೆ. ನಾವು ಕಣ್ಣಿನ 'ಪಾಪೆ' ಅನ್ನುವಾಗಲೂ ಪಾಪೆ ಅಂದ್ರೆ ಗೊಂಬೆಯೇ! ದೂರದ ಎರಡು ಭಾಷೆಗಳು ಕಣ್ಣಲ್ಲಿ ಒಂದೇ ಗೊಂಬೆಯನ್ನು ಕಂಡಿವೆ.

ಹಾಗಾಗಿ ಮುಂದಿನ ಸಲ ಪೇರೆಂಟ್ಸ್ ಈವ್ನಿಂಗ್‌ಗೆ ಹೋದಾಗ ಟೀಚರ್ ಹತ್ರ ಮೂರು ವಿಷಯ ಕೇಳಿ. ಈ ಅಳತೆ ಎಲ್ಲಿಂದ ಎಲ್ಲಿಗೆ? ಈ ವಯಸ್ಸಿನ ಮಕ್ಕಳಿಗೆ ಎಷ್ಟು ಬಂದರೆ ಸರಿ? ನಮ್ಮ ಮಗು ಮುಂದೆ ಏನು ಕಲಿಯಬೇಕು? ಹೀಗೆ ಕೇಳಿದ್ರೆ ದಡ್ಡರು ಅಂದ್ಕೊಳ್ತಾರೇನೋ ಅನ್ನೋ ಅಂಜಿಕೆ ಬೇಡ.

ಅವತ್ತು ಇಷ್ಟನ್ನೂ ಹೇಳಿದ ಮೇಲೆ ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಇರು, ಆಮೇಲೆ ಮಾಡ್ತೀನಿ. ಮೊದ್ಲು ಇವಳ ಹತ್ರ ಮಾತಾಡ್ಬೇಕು" ಅಂತ ಫೋನ್ ಇಟ್ಟಳು.

ನೀವಿರೋ ಊರಲ್ಲಿ ನಿಮ್ಮನ್ನು ಎಡವಿಸಿದ ಪದ ಯಾವುದು? ಬರೆದು ತಿಳಿಸಿ.